ಬರಬೇಕಾದ್ದು ನೂರು

ಅರವತ್ತೈದು ದಿರ್ಹಮ್ಮಿಗೆ ಕೊಟ್ಟ, ರೋಲಾದ ಗುಲ್‌ಜಮಾನ್.
ಎಂಬತ್ತು ಹೇಳಿದ್ದ. ಚಾರ್ಜರು, ಕೇಬಲ್ಲು,
ನಕಲಿ ಅತ್ತರು, ತಲೆನೋವಿನ ಮುಲಾಮುಗಳ ನಡುವೆ
ಅಂಗೈಯಗಲದ ಕರಿ ಡಬ್ಬಿ; ಮೇಲೆ
ಹಸಿರು ತಲೆಬುರುಡೆ, ಕಾಗುಣಿತ ತಪ್ಪಿದ ಇಂಗ್ಲಿಷು.
"ಸತ್ತವರು ಮಾತಾಡ್ತಾರೆ" ಅಂದ,
ಬ್ಯಾಟರಿ ಬೇರೆ ಕೊಳ್ಳಬೇಕು ಅನ್ನುವ ದನಿಯಲ್ಲೇ.
"ಮಾತಾಡಲಿಲ್ಲ ಅಂತ ವಾಪಸ್ಸು ತರುವ ಹಾಗಿಲ್ಲ."
ಕೆಂಪು ದೀಪ ಮಿನುಗುವ ಮೀಟರೂ ಇತ್ತು, ಇನ್ನೂ ನಲವತ್ತು ಹೆಚ್ಚು.
ಬೇಡವೆಂದೆ. ನಾನು ಎಲೆಕ್ಟ್ರಿಷಿಯನ್ನು.
ನಮ್ಮ ರೂಮಿನಲ್ಲಿ ಎಲ್ಲಿ ಹಿಡಿದರೂ ಅದು ಕೆಂಪಾಗುತ್ತದೆ:
ಹನ್ನೆರಡು ಫೋನು, ಒಂದು ಫ್ರಿಜ್ಜು, ಬಾತ್‌ರೂಮಿನವರೆಗೆ ಎಳೆದ ವಯರು.

ರೂಮು ಸಜಾದಲ್ಲಿ. ಮೇಲಿನ ಮಂಚ ನನ್ನದು.
ಮಲಗಿದರೆ ಮೂಗಿನ ಪಕ್ಕ ಗೋಡೆ,
ಗೋಡೆಯ ಮೇಲೆ ಪೆನ್ಸಿಲಿನಲ್ಲಿ, ಕನ್ನಡದಲ್ಲಿ,
ಯಾರದೋ ಲೆಕ್ಕ:

    ಅಕ್ಕಿ ೧೮
    ಉಳ್ಳಾಗಡ್ಡಿ ೪
    ಫೋನ ಕಾರ್ಡ ೩೦
    ಚಪ್ಪಲಿ ೧೫
    ಬರಬೇಕಾದ್ದು ನೂರು

ಯಾರಿಂದ ಅಂತ ಬರೆದಿಲ್ಲ.

ನಾವು ಗಂಗೊಳ್ಳಿಯವರು ನೀರುಳ್ಳಿ ಅನ್ನುತ್ತೇವೆ.
ಉಳ್ಳಾಗಡ್ಡಿ ಅನ್ನುವವ ಘಟ್ಟದ ಆಚೆಯವ,
ರೊಟ್ಟಿ ಬಡಿಯುವ ಸದ್ದಿಗೆ ಎದ್ದು ಬೆಳೆದವ.
ಒಂದು ತರಕಾರಿಯಿಂದ ಇಷ್ಟು ತಿಳಿಯಿತು,
ಕೇಳಿದ್ದರಿಂದ ಅದೂ ಇಲ್ಲ.
ಶಿಹಾಬ್ ಅಂದ: ಹಳೇ ಕಂಪನಿಯವನಿರಬೇಕು.
ಪ್ರೇಮ್ ಬಹಾದೂರ್ ತಲೆಯಾಡಿಸಿದ, ಹೌದೋ ಅಲ್ಲವೋ.
ಕ್ಯಾಂಪ್ ಬಾಸು ರಿಜಿಸ್ಟರು ಮುಚ್ಚಿ "ಹೋದ" ಅಂದ.
ಯಾವ ಹೋಗುವುದು ಅಂತ ಕೇಳಲು ಧೈರ್ಯವಾಗಲಿಲ್ಲ.

ರಜೆಯ ರಾತ್ರಿ, ಎಲ್ಲರೂ ಹೊರಗೆ.
ಅಭ್ಯಾಸ, ಮೊದಲು ಸ್ಕ್ರೂ ಬಿಚ್ಚಿ ನೋಡಿದೆ.
ಒಳಗೆ ಹನ್ನೆರಡು ದಿರ್ಹಮ್ಮಿನ ಎಫ್‌ಎಂ.
ನಿಲ್ಲುವುದನ್ನು ಮರೆಸಿದ್ದಾರೆ, ಅಷ್ಟೇ.
ಎಂಬತ್ತೇಳೂವರೆಯಿಂದ ಹೊರಟು
ನೂರೆಂಟು ಮುಟ್ಟಿ ಮತ್ತೆ ಮೊದಲಿಗೆ,
ಜಪಮಣಿ ಎಣಿಸುವ ಅವಸರದ ಮುದುಕಿಯ ಹಾಗೆ.
ದೆವ್ವಕ್ಕೆ ಸ್ವಂತ ಗಂಟಲಿಲ್ಲ,
ಸ್ಟೇಶನ್ನುಗಳ ಚೂರು ಹೆಕ್ಕಿ ಮಾತು ಹೊಲಿಯಬೇಕು,
ಡಬ್ಬಿಯ ಹಿಂದೆ ಬರೆದದ್ದರ ಸಾರ ಅದು.

ಹಾಗಾದರೆ, ಪಾಪ, ಇವನೇನು ಮಾಡುತ್ತಾನೆ?
ನನಗೆ ಸಿಕ್ಕ ಗಾಳಿಯಲ್ಲಿ ಅರಬ್ಬಿ ಉಂಟು,
ಮಲಯಾಳ ಧಾರಾಳ, ಹಿಂದಿ, ಇಂಗ್ಲಿಷು,
ಒಂದು ಮೂಲೆಯಲ್ಲಿ ಫಿಲಿಪಿನೋ ಹುಡುಗಿಯ ನಗು.
ಕನ್ನಡದ್ದು ಒಂದು ಅಕ್ಷರ ಕಾಣೆ.
ಸತ್ತ ಮೇಲೂ ಉಳ್ಳಾಗಡ್ಡಿಗೆ
ಪ್ಯಾಜ್ ಅನ್ನಬೇಕು.

ಎ.ಸಿ. ರಿಮೋಟಿನ ಬ್ಯಾಟರಿ ತೆಗೆದು ಹಾಕಿದೆ.
"ಎಂತ ಮಾರಾಯ್ರೆ, ಇದ್ದೀರಾ?"
ಹುಯ್ಯೋ ಅಂತ ಮರಳು ಸುರಿದ ಸದ್ದು.
ನಾಲಿಗೆ ಬದಲಿಸಿದೆ,
ಹುಬ್ಬಳ್ಳಿಯ ಫೋರ್‌ಮನ್ನಿನಿಂದ ಕಲಿತದ್ದು:
"ಏನ್ರೀ, ಊಟ ಆತೇನ್ರಿ?"

ಟ್ರಾಫಿಕ್— ಹಬೀ— ಷ್ಷ್— ಸಿರ್ಫ್ ಆಜ್—
ಸ್ವರ್ಣವಿಲ— ಷ್ಷ್— ಷ್ಷ್—
ನೂರು.

ಮಲಯಾಳದಲ್ಲೂ ನೂರು ನೂರೇ, ಗೊತ್ತು.
ಚಿನ್ನದಂಗಡಿಯ ಜಾಹೀರಾತು,
ನೂರು ಮಂದಿಗೆ ಬಹುಮಾನವೋ ಏನೋ, ಅದೂ ಗೊತ್ತು.
ಬೆನ್ನು ಮಾತ್ರ ತಣ್ಣಗಾಯಿತು.
ಎ.ಸಿ. ಗಾಳಿ ಅನ್ನಬಹುದಿತ್ತು;
ಎ.ಸಿ. ಕೆಟ್ಟು ಮೂರು ದಿನ,
ನಾಳೆ ನಾಳೆ ಅಂತ ನಾನೇ ಬಿಟ್ಟಿದ್ದೆ.

ಪರ್ಸು ತೆಗೆದು ನೋಡಿದೆ, ಯಾಕೋ.
ಬೆಳಿಗ್ಗೆ ಒಂದು ನೂರರ ನೋಟಿತ್ತು.
ಡಬ್ಬಿಗೆ ಕೊಟ್ಟದ್ದು, ಒಂದು ಕರಕ್ ಚಾ ಕುಡಿದದ್ದು ಹೋಗಿ
ಮೂವತ್ತನಾಲ್ಕು.
"ಇಷ್ಟೇ ಇರೂದ್ರಿ" ಅಂದೆ, ಜೋರಾಗಿ,
ಸಾಲಗಾರನ ಮನೆಬಾಗಿಲಲ್ಲಿ ಅನ್ನುವ ಹಾಗಲ್ಲ,
ಬಸ್ಸಿನಲ್ಲಿ ಪಕ್ಕದವನಿಗೆ ಚಿಲ್ಲರೆ ಇಲ್ಲವೆನ್ನುವ ಹಾಗೆ.
ಉತ್ತರಕ್ಕೆ ಬಂದದ್ದು ಅರಬ್ಬಿಯಲ್ಲಿ ಹವಾಮಾನ.

ಶಿಹಾಬ್ ಒಳಬಂದ, ಚಪ್ಪಲಿ ಒದರಿ,
ಹಾಡು ಹಾಕು ಅಂದ.
ಇದು ಯಾವುದರ ಮೇಲೂ ನಿಲ್ಲುವುದಿಲ್ಲ ಅಂದೆ.
"ಹಾಗಾದರೆ ರೇಡಿಯೋ ಕೆಟ್ಟಿದೆ," ಅಂದು
ಟವೆಲು ಹಿಡಿದು ಸ್ನಾನದ ಸಾಲಿಗೆ ಹೋದ.

ಪೆನ್ಸಿಲು ಟೂಲ್ ಬ್ಯಾಗಿನಲ್ಲಿತ್ತು.
ಡಬ್ಬಿಯ ಬೆಲೆ ಬರೆಯಲು ನಾಚಿಕೆಯಾಯಿತು.
ನೂರರ ಕೆಳಗೆ, ಸ್ವಲ್ಪ ಜಾಗ ಬಿಟ್ಟು, ಬರೆದೆ:

    ನೀರುಳ್ಳಿ ೫